ಕಾಂತಪ್ಪನವರು ತಿಸ್ರ್ಯಾ ತಂದದ್ದು

ಗ್ರೈಂಡರು ಒಂದೇ ಒಂದು ಗಳಿಗೆ ಬಾಯಿ ಮುಚ್ಚಿಕೊಂಡಿದ್ದರೆ ಈ ರಾಮಾಯಣವೆಲ್ಲ ನಡೆಯುತ್ತಲೇ ಇರಲಿಲ್ಲ. ಆದರೆ ಪುಣೆ ಕ್ಯಾಂಪಿನ ‘ಹೋಟೆಲ್ ಶಾಂಭವಿ, ಶುದ್ಧ ಶಾಕಾಹಾರಿ’ಯ ಗ್ರೈಂಡರಿಗೆ ಆ ಅಭ್ಯಾಸವಿಲ್ಲ. ಶುಕ್ರವಾರ ಮಧ್ಯಾಹ್ನ ಅದು ಉದ್ದು ರುಬ್ಬುತ್ತ ಇಡೀ ಅಡುಗೆಮನೆಯನ್ನು ನಡುಗಿಸುತ್ತಿದ್ದಾಗಲೇ ಮಾಲೀಕ ಕಾಂತಪ್ಪನವರ ಮೊಬೈಲು ಬಡಿದುಕೊಂಡಿತು. ಆ ಕಡೆಯಿಂದ ಮಾತಾಡಿದವರು ಪಂಢರಿನಾಥ ಕಾಕಾ.

ಕಾಂತಪ್ಪನವರು ಹೋಟೆಲಿಗೆ ಮಾಲೀಕರಾದರೆ, ಹೋಟೆಲು ನಿಂತ ಜಾಗಕ್ಕೆ ಪಂಢರಿನಾಥರು ಮಾಲೀಕರು. ಬಾಡಿಗೆ ಕರಾರಿನ ಅವಧಿ ಈ ತಿಂಗಳಿಗೆ ಮುಗಿಯುತ್ತದೆ. ಹೊಸ ಕರಾರಿಗೆ ಕಾಕಾ ಸಹಿ ಹಾಕಿಯಾಗಿತ್ತು, ಅವರ ತಮ್ಮನೂ ಹಾಕಿಯಾಗಿತ್ತು. ಆದರೂ ಕಾಗದ ಕೈಗೆ ಬಂದಿರಲಿಲ್ಲ. ಕೇಳಿದಾಗಲೆಲ್ಲ ಕಾಕಾ ಕೊರಳಿನ ತುಳಸಿಮಾಲೆಯ ಮಣಿಗಳನ್ನು ಸವರುತ್ತ, “ಇನ್ನೊಂಚೂರು ಬಾಕಿ ಇದೆ ಕಾಂತಾಶೇಟ್, ನೋಡೋಣ” ಎನ್ನುತ್ತಿದ್ದರು. ಅಷ್ಟರಲ್ಲಿ ಪಕ್ಕದ ಮೊಬೈಲು ಅಂಗಡಿಯವನು ಬಂದು, ನಡುವಿನ ಗೋಡೆ ಒಡೆಯಲು ಎಷ್ಟು ಹೊತ್ತು ಬೇಕಾದೀತೆಂದು ತಟ್ಟಿ ನೋಡಿ ಹೋಗಿದ್ದ. ಅಂದಿನಿಂದ ಕಾಂತಪ್ಪನವರಿಗೆ ಊಟ ಸೇರುತ್ತಿರಲಿಲ್ಲ. ಹುಡುಗನಾಗಿ ತಟ್ಟೆ ತೊಳೆಯಲು ಬಂದ ಊರಿನಲ್ಲಿ ತಾನೇ ಕಟ್ಟಿದ ಹೋಟೆಲು ಅದು. ಅದು ಹೋದರೆ ಅವರ ಪಾಲಿಗೆ ಪುಣೆಯೇ ಹೋದಂತೆ.

ಗ್ರೈಂಡರಿನ ಗುಡುಗಿನ ನಡುವೆ ಕಾಕಾನ ಮರಾಠಿ ತುಂಡುತುಂಡಾಗಿ ಬಂತು. “ರವಿವಾರೀ ಸಂಧ್ಯಾಕಾಳೀ... ಹೋಟೆಲಾತ್... ತಿಸ್ರ್ಯಾ... ಘೇವೂನ್ ಯೇ... ಮನಸ್ಸಿಗೆ ಬಂದರೆ ಸಹಿ ಮುಗಿಯಿತು.” ಇಷ್ಟು ಹೇಳಿ ಫೋನು ಇಟ್ಟುಬಿಟ್ಟರು.

ಕಾಂತಪ್ಪನವರು ಮೊಬೈಲು ಹಿಡಿದುಕೊಂಡೇ ನಿಂತರು. ‘ಘೇವೂನ್ ಯೇ’ ಎಂದರೆ ತೆಗೆದುಕೊಂಡು ಬಾ. ತಿಸ್ರ್ಯಾ ಎಂದರೆ ಮರ್ವಾಯಿ. ಹೊಳೆ ಸಮುದ್ರ ಸೇರುವಲ್ಲಿ ಕೆಸರಿನೊಳಗೆ ಎರಡು ಚಿಪ್ಪುಗಳನ್ನು ಬಿಗಿಯಾಗಿ ಮುಚ್ಚಿಕೊಂಡು ಕೂತಿರುವ, ತೆಂಗಿನಕಾಯಿ ಹಾಕಿ ಸುಕ್ಕ ಮಾಡಿದರೆ ಮನುಷ್ಯನನ್ನು ಮೂಕನನ್ನಾಗಿಸುವ ಆ ಮರ್ವಾಯಿ! ಕಾಂತಪ್ಪನವರು ಮರಾಠಿಯಲ್ಲಿ ಅರ್ಧ ಕಲಿತದ್ದು ಗಲ್ಲಾಪೆಟ್ಟಿಗೆಯ ಹಿಂದೆ, ಇನ್ನರ್ಧ ಕ್ಯಾಂಪಿನ ಮೀನು ಮಾರ್ಕೆಟ್ಟಿನಲ್ಲಿ. ಹೋಟೆಲು ಶುದ್ಧ ಶಾಕಾಹಾರಿಯಾದರೂ ಮಾಲೀಕರ ಮನೆಯ ಊಟ ಮೂಲ್ಕಿಯ ಹೊಳೆಯ ದಂಡೆಯದ್ದು. ಹೀಗಾಗಿ ಆ ಶಬ್ದದ ಬಗ್ಗೆ ಅವರಿಗೆ ಎಳ್ಳಷ್ಟೂ ಅನುಮಾನ ಬರಲಿಲ್ಲ.

ಅನುಮಾನ ಬಂದದ್ದು ಹೆಂಡತಿ ಲೀಲಾಕ್ಷಿಗೆ. “ತುಳಸಿಮಾಲೆ ಹಾಕಿ ಮೀನು ಮಾಂಸ ಬಿಟ್ಟವರು ಮರ್ವಾಯಿ ಕೇಳ್ತಾರಾ? ನಿಮ್ಮ ಕಿವಿಗೆ ಎಂತ ಆಗಿದೆ?”

“ಅದಕ್ಕೇ ಮಾರಾಯ್ತಿ ಫೋನಲ್ಲಿ ಹೇಳಿದ್ದು. ಎದುರು ನಿಂತು ಕೇಳ್ಲಿಕ್ಕೆ ಆಗ್ತದಾ ಅವರಿಗೆ? ಮಾಲೆ ಇರುದು ಕೊರಳಿಗೆ. ನಾಲಿಗೆಗೆ ಯಾರಾದ್ರೂ ಮಾಲೆ ಹಾಕ್ತಾರಾ?”

“ಒಮ್ಮೆ ತಿರುಗಿ ಫೋನ್ ಮಾಡಿ ಕೇಳಿ ನೋಡಿ.”

“ಎಂತ ಅಂತ ಕೇಳುದು? ಕಾಕಾ, ನೀವು ಮಾಲೆ ತೆಗೆದಿಟ್ಟು ತಿನ್ನುದಾ, ಹಾಕ್ಕೊಂಡೇ ತಿನ್ನುದಾ ಅಂತಲಾ?”

ಕಾಂತಪ್ಪನವರ ತಲೆ ಆಗಲೇ ಮುಂದಿನ ಲೆಕ್ಕಾಚಾರದಲ್ಲಿತ್ತು. ಮಾರ್ಕೆಟ್ಟಿನ ಮರ್ವಾಯಿ ಯಾವ ಕಾಲದ್ದೋ ಏನೋ. ಕಾಕಾನ ಊರು ಶ್ರೀವರ್ಧನದ ಆಚೆ, ಕೊಂಕಣದ ಒಂದು ಖಾಡಿಯ ದಂಡೆ. ಖಾಡಿ ಎಂದರೆ ಅಲ್ಲಿಯವರ ಬಾಯಲ್ಲಿ ಹಿನ್ನೀರಿನ ಹೊಳೆ. ಮುದುಕರಿಗೆ ಆಸೆಯಾಗಿರುವುದು ಹುಟ್ಟಿದೂರಿನ ರುಚಿಯೇ ಇರಬೇಕು. ಅಲ್ಲಿಗೇ ಹೋಗಿ, ಇಳಿತದ ಹೊತ್ತಿಗೆ ಕೆಸರು ಬಗೆದು, ಜೀವಂತ ಮರ್ವಾಯಿ ತಂದು ಮುಂದಿಟ್ಟರೆ ಬಾಕಿ ಸಹಿ ಮುಗಿಸಿ ಕಾಗದ ಕೊಡದೆ ಏನು ಮಾಡಿಯಾರು? ಕಾಲೇಜಿಗೆ ಹೋಗುವ ಮಗಳು ಶ್ರದ್ಧಾ ಮೊಬೈಲಿನಲ್ಲಿ ಒತ್ತಿ ನೋಡಿ, “ಅಪ್ಪಾ, ಆದಿತ್ಯವಾರ ಮಧ್ಯಾಹ್ನ ಇಳಿತ ಉಂಟು. ಹೋಗುವಾ, ಒಂದು ಪಿಕ್ನಿಕ್ ಆಯ್ತು” ಎಂದಳು. ಮದುವೆಯಾಗಿ ಬಂದಮೇಲೆ ಹೊಳೆಯ ಕೆಸರಿಗೆ ಕಾಲೇ ಇಡದಿದ್ದ ಲೀಲಾಕ್ಷಿಯ ಕಣ್ಣು ಆಗ ಮಿನುಗಿದ್ದನ್ನು ಕಾಂತಪ್ಪನವರು ನೋಡಿದರು. ಅನುಮಾನ ಅಲ್ಲಿಗೆ ಮುಗಿಯಿತು.

ಗುಟ್ಟಿನ ಅತಿಥಿಗೆ ಗುಟ್ಟಿನ ಊಟ. ಅದಕ್ಕಾಗಿ ಆದಿತ್ಯವಾರ ಹೋಟೆಲು ಬಂದ್, ಕೆಲಸದವರಿಗೆಲ್ಲ ರಜೆ. ಮರುದಿನಕ್ಕೆ ಹಿಟ್ಟು ಬೇಡವೆಂದು ಶನಿವಾರ ಗ್ರೈಂಡರೂ ತಿರುಗಲಿಲ್ಲ. ಆದಿತ್ಯವಾರ ಹೋಟೆಲು ಮುಚ್ಚುವುದೆಂದರೆ ಕ್ಯಾಂಪಿನಲ್ಲಿ ಗಿರಾಕಿಗಳನ್ನು ಅಟ್ಟಿ ಓಡಿಸಿದಂತೆಯೇ. ಆದರೂ ಕಾಂತಪ್ಪನವರು ಎದೆ ಗಟ್ಟಿ ಮಾಡಿಕೊಂಡು ಬೋರ್ಡು ತೂಗುಹಾಕಿದರು.

ಆದಿತ್ಯವಾರ ನಸುಕಿನಲ್ಲಿ, ಮಾರ್ಕೆಟ್ ಯಾರ್ಡಿನಿಂದ ಈರುಳ್ಳಿ ತರುವ ಹಳೆಯ ಮಾರುತಿ ಓಮ್ನಿಯನ್ನು ಅವರು ಸದ್ದಾಗದಂತೆ ಹೊರಡಿಸಬೇಕೆಂದಿದ್ದರು. ಓಮ್ನಿ ಮೂರು ಸಲ ಕೆಮ್ಮಿ ಇಡೀ ಬಿಲ್ಡಿಂಗನ್ನೇ ಎಬ್ಬಿಸಿತು. ಮೇಲಿನ ಬಾಲ್ಕನಿಯಲ್ಲಿ ಒಂದು ಮಂಕಿ ಟೊಪ್ಪಿಗೆ ಕಾಣಿಸಿಕೊಂಡಿತು. ಅದರೊಳಗೆ ಇದ್ದವರು ಧಾರವಾಡದ ವಕೀಲ ಪ್ರಲ್ಹಾದರಾಯರು.

“ಏನ್ರಿ ಕಾಂತಪ್ಪನವರ, ಇಷ್ಟ ನಸುಕಿನ್ಯಾಗ ಎಲ್ಲಿಗ್ರಿ ಸವಾರಿ?”

“ಹೀಗೇ... ಸಮುದ್ರ ನೋಡ್ಲಿಕ್ಕೆ” ಎಂಬ ಮಾತು ಕಾಂತಪ್ಪನವರ ಬಾಯಿಂದ ಜಾರಿಬಿಟ್ಟಿತು.

ಮಂಕಿ ಟೊಪ್ಪಿಗೆಯ ಹಿಂದಿನಿಂದ ಪ್ರಲ್ಹಾದರಾಯರ ಹೆಂಡತಿ ಶಾಮಲಾಬಾಯಿಯ ಮುಖ ಮೂಡಿತು. “ಸಮುದ್ರಕ್ಕೇನ್ರಿ? ಅಯ್ಯ, ಒಂದೀಟು ನಿಂದರ್ರಿ, ರೊಟ್ಟಿ ಕಟಗೊಂಡು ನಾವೂ ಬಂದ ಬಿಡ್ತೀವಿ!”

ಕಾಂತಪ್ಪನವರು ಬೇಡವೆನ್ನುವಂತೆಯೂ ಇರಲಿಲ್ಲ. ಕರಾರಿನ ಕರಡು ಓದಿ, ಕಾಸು ಕೇಳದೆ ತಿದ್ದಿಕೊಟ್ಟ ವಕೀಲರು. ಬುತ್ತಿಯ ಗಂಟು, ಕೊಡೆ, ದಿಂಬು ಹಿಡಿದು ಇಬ್ಬರೂ ಬಂದು ಕೂತರು. ತಾಮ್ಹಿಣಿ ಘಾಟಿನ ಪ್ರತಿ ತಿರುವಿನಲ್ಲೂ ಶಾಮಲಾಬಾಯಿ “ಯಪ್ಪಾ ಮಾರುತಿ” ಎಂದು ಕೂಗುತ್ತಿದ್ದರು. ಕರೆದದ್ದು ದೇವರನ್ನೋ ಓಮ್ನಿಯನ್ನೋ ಕಾಂತಪ್ಪನವರಿಗೆ ತಿಳಿಯಲಿಲ್ಲ. ಮರ್ವಾಯಿ ಆಯಲು ಹೋಗುವುದೆಂದು ಅವರಿಬ್ಬರಿಗೆ ಹೇಳಿಯಾಯಿತು, ಯಾರಿಗಾಗಿ ಎಂಬುದನ್ನು ಮಾತ್ರ ಹೇಳಲಿಲ್ಲ. ಅಲ್ಲಿಯೇ ಅವರು ಕೆಟ್ಟದ್ದು.

ಊರ ಬಾಗಿಲಿನ ಚಹಾದಂಗಡಿಯವನು ಪಂಢರಿನಾಥರ ಮನೆತನದ ತೆಂಗಿನ ತೋಟವನ್ನು, ಅಲ್ಲಿಯವರ ಮಾತಿನಲ್ಲಿ ‘ವಾಡಿ’ಯನ್ನು, ಬೆರಳು ಮಾಡಿ ತೋರಿಸಿದ. ಕಾಂತಪ್ಪನವರು ಅದರ ಗೇಟಿಗೆ ಅಡ್ಡವಾಗಿಯೇ ಓಮ್ನಿ ನಿಲ್ಲಿಸಿ, ವಾಡಿಯೊಳಗೆ ಹಾದು ಖಾಡಿಗೆ ಇಳಿದರು. ನೀರು ದೂರಕ್ಕೆ ಸರಿದು, ಕಪ್ಪು ಕೆಸರು ಬಿಸಿಲಿಗೆ ಹೊಳೆಯುತ್ತ ಬಿದ್ದುಕೊಂಡಿತ್ತು. ಲೀಲಾಕ್ಷಿ ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ ಮೊದಲ ಹೆಜ್ಜೆ ಇಟ್ಟವಳು, ಬೆರಳುಗಳ ಸಂದಿಯಲ್ಲಿ ಕೆಸರು ಮೇಲೆ ಬಂದ ಕೂಡಲೇ ಹುಡುಗಿಯ ಹಾಗೆ ನಕ್ಕಳು.

“ಶ್ರದ್ಧಾ, ಇಲ್ಲಿ ನೋಡು. ಎರಡು ಸಣ್ಣ ತೂತು ಕಾಣ್ತದಲ್ಲಾ? ಅಡಿಯಲ್ಲಿ ಒಂದು ಉಂಟು. ಹಿಮ್ಮಡಿಯಿಂದ ಒತ್ತು, ಕಲ್ಲಿನ ಹಾಗೆ ಸಿಗ್ತದೆ. ಹಾಂ, ಈಗ ಕೈ ಹಾಕು!”

ತಾಯಿ ಮಗಳು ಒಂದು ಕಡೆ, ಕಾಂತಪ್ಪನವರು ಒಂದು ಕಡೆ ಬಗ್ಗಿ ಅಗೆಯತೊಡಗಿದರು. ಸಿಕ್ಕಿದ್ದನ್ನೆಲ್ಲ ಹಿಂದಿಟ್ಟ ಬುಟ್ಟಿಗೆ ಎಸೆಯುವುದು, ಮತ್ತೆ ಬಗ್ಗುವುದು. ಪ್ರಲ್ಹಾದರಾಯರು ಕೊಡೆ ಬಿಚ್ಚಿಕೊಂಡು ಒಣ ಬಂಡೆಯ ಮೇಲೆ ನಿಂತು, “ಭರತ ಬಂದಾಗ ಮುಳುಗಿ ಇಳಿತದಾಗ ತೇಲೂ ನೆಲಾ ಅದ ಅಲ್ರಿ, ಅದು ಸರಕಾರದ್ದು. ಯಾರಪ್ಪನೂ ಏನೂ ಅನ್ನಂಗಿಲ್ಲ, ಬೇಶಕ್ ತಗೀರಿ” ಎಂದು ಕಾನೂನಿನ ಬೆಂಬಲ ಕೊಟ್ಟರು.

ಬೆನ್ನು ಮುರಿಯುವಷ್ಟು ಅಗೆದಮೇಲೆ ಕಾಂತಪ್ಪನವರು ತಿರುಗಿ ಬುಟ್ಟಿ ನೋಡಿದರು. ತಳದಲ್ಲಿ ಹಿಡಿಯಷ್ಟು ಮರ್ವಾಯಿ. ಕಣ್ಣುಜ್ಜಿಕೊಂಡರು. ಬುಟ್ಟಿಯ ಪಕ್ಕದಲ್ಲಿ ಶಾಮಲಾಬಾಯಿ ಕುಕ್ಕರುಗಾಲಿನಲ್ಲಿ ಕೂತು, ಒಂದೊಂದನ್ನೇ ಎತ್ತಿ ಸೆರಗಿನಿಂದ ಒರೆಸಿ, “ಹೋಗವ್ವಾ, ನಿಮ್ಮವ್ವನ ಕಡೆ ಹೋಗು” ಎನ್ನುತ್ತ ಮೆಲ್ಲಗೆ ನೀರಿಗೆ ಬಿಡುತ್ತಿದ್ದರು.

“ಶಾಮಲಕ್ಕಾ! ಎಂತ ಮಾಡ್ತಾ ಇದ್ದೀರಿ?”

“ಅಲ್ರಿ, ಜೀವಾ ಅದಾವ್ರಿ ಇವು! ಬಾಯಿ ತಗದು ನನ್ನ ಮಾರಿ ನೋಡಿದ್ವು. ಎಷ್ಟ ಪಾಪ ಅನಸ್ತು ಅಂತೀನಿ.”

ಕಾಂತಪ್ಪನವರಿಗೆ ಅಳು ಬರುವುದೊಂದು ಬಾಕಿ. ದೂರದಲ್ಲಿ ನೀರಿನ ಗೆರೆ ಆಗಲೇ ಇತ್ತ ಮುಖ ಮಾಡಿತ್ತು. ಬರಿಯ ಬುಟ್ಟಿ ಹಿಡಿದು ಕಾಕಾನ ಮುಂದೆ ನಿಂತಂತೆ, ಪಕ್ಕದಂಗಡಿಯವನು ಸುತ್ತಿಗೆ ಎತ್ತಿದಂತೆ ಅವರ ಕಣ್ಣಿಗೆ ಕಟ್ಟಿತು. ಅದೇ ಹೊತ್ತಿಗೆ ವಾಡಿಯ ಕಡೆಯಿಂದ ಒಂದು ಗದರಿಕೆ ಕೇಳಿಸಿತು.

“ಗೇಟಿಗೆ ಅಡ್ಡ ನಿಂತ ಗಾಡಿ ಯಾರದು? ಯಾರನ್ನು ಕೇಳಿ ವಾಡಿಯೊಳಗೆ ಬಂದಿರಿ?”

ಮೊಣಕಾಲಿನ ಚಡ್ಡಿ, ತೂತುಬಿದ್ದ ಬನಿಯನ್ನು, ತಲೆಗೆ ಟವೆಲು, ಒಂದು ಕೆನ್ನೆಯಲ್ಲಿ ತಂಬಾಕು ಇದ್ದ ನಡುವಯಸ್ಸಿನ ಮನುಷ್ಯ. ಕಾವಲಿನವನೇ ಸರಿ ಎಂದು ಕಾಂತಪ್ಪನವರು ತೀರ್ಮಾನಿಸಿದರು. ಬಂಡೆಯ ಮೇಲಿಂದ ವಕೀಲರು ಮರಾಠಿಯಲ್ಲಿ ಗುಡುಗಿದರು, “ಖಾಡಿ ನಿಮ್ಮಪ್ಪನದೇನಯ್ಯಾ?”

“ಖಾಡಿ ಅಲ್ಲ...” ಎಂದು ಆತ ಏನನ್ನೋ ಹೇಳಹೊರಟ. ಕಾಂತಪ್ಪನವರು ಬಿಡಲಿಲ್ಲ. ಕೆಸರುಗೈಯಿಂದಲೇ ಅವನ ಹೆಗಲು ಹಿಡಿದು ಪಕ್ಕಕ್ಕೆ ಕರೆದೊಯ್ದು, ಪುಣೆಯಲ್ಲಿ ಕಾವಲುಗಾರರನ್ನು ಕರೆಯುವ ಹಾಗೆಯೇ ಕರೆದರು. “ನೋಡು ಮಾಮಾ, ಈ ವಾಡಿಯ ಪಂಢರಿನಾಥ ಕಾಕಾ ಇದ್ದಾರಲ್ಲ, ಅವರೇ ನನ್ನನ್ನು ಕಳಿಸಿದ್ದು. ತಿಸ್ರ್ಯಾ ಅವರಿಗೇ. ನೀನು ಹೆಚ್ಚು ಗಲಾಟೆ ಮಾಡಿದರೆ ನಾಳೆಯಿಂದ ನಿನಗೆ ಇಲ್ಲಿ ಕೆಲಸವಿರುವುದಿಲ್ಲ.”

ಮಾಮಾನ ಕೆನ್ನೆಯ ತಂಬಾಕು ಅಲ್ಲಾಡುವುದು ನಿಂತಿತು. “ಪಂಢರಿನಾಥರಿಗೆ? ತಿಸ್ರ್ಯಾ? ಅವರು ಮಾಲೆ ಹಾಕಿದವರು!”

“ಶ್! ಅದೇ ಗುಟ್ಟು. ಇವತ್ತು ಸಂಜೆ ನನ್ನ ಹೋಟೆಲಿಗೆ ಬಂದು ತಿನ್ನುತ್ತಾರೆ. ಯಾರ ಹತ್ತಿರವೂ ಬಾಯಿ ಬಿಡಬೇಡ.”

ಮಾಮಾ ಟವೆಲಿನಿಂದ ಬಾಯಿ ಮುಚ್ಚಿಕೊಂಡು ಕೆಮ್ಮಿದ. ಆ ಕೆಮ್ಮಿಗೆ ಅವನ ಹೊಟ್ಟೆಯೆಲ್ಲ ಕುಣಿಯಿತು. “ಹಾಗಿದ್ದರೆ ನಾನೂ ಒಂದು ಕೈ ಹಾಕುತ್ತೇನೆ ಶೇಟ್” ಎಂದು ಕೆಸರಿಗೆ ಇಳಿದ. ನೀರು ಪಾದಕ್ಕೆ ಮುಟ್ಟುವಷ್ಟರಲ್ಲಿ ಬುಟ್ಟಿ ತುಂಬಿತು. ಶ್ರದ್ಧಾಳನ್ನು ಬುಟ್ಟಿಯ ಕಾವಲಿಗೆ ಕೂರಿಸಿ ಶಾಮಲಾಬಾಯಿಯನ್ನು ದೂರವಿಡಲಾಗಿತ್ತು.

ಹೊರಡುವಾಗ ಮಾಮಾ ಕೇಳಿದ. “ನಾನೂ ಇವತ್ತು ಪುಣೆಗೆ ಹೋಗಬೇಕು. ಸ್ವಾರಗೇಟಿನವರೆಗೆ ಬರಲಾ? ಎಸ್‌ಟಿ ಬಸ್ಸಿನಲ್ಲಿ ನಿಂತುಕೊಂಡೇ ಹೋಗಬೇಕಾಗುತ್ತದೆ.”

ಬುಟ್ಟಿ ತುಂಬಿಸಿಕೊಟ್ಟವನಿಗೆ ಇಲ್ಲವೆನ್ನುವುದು ಹೇಗೆ? 

ಒಗೆದ ಅಂಗಿ ಹಾಕಿಕೊಂಡು, ಕೈಚೀಲ ಹಿಡಿದು ಬಂದ ಮಾಮಾನಿಗೆ ಓಮ್ನಿಯ ಹಿಂಭಾಗದಲ್ಲಿ ಜಾಗ ಮಾಡಿ, ಅವನ ತೊಡೆಯ ಮೇಲೆಯೇ ಮರ್ವಾಯಿಯ ಪಾತ್ರೆ ಇಟ್ಟರು. ಉಪ್ಪುನೀರಿನಲ್ಲಿ ಮುಳುಗಿದ್ದ ಮರ್ವಾಯಿಗಳು ದಾರಿಯುದ್ದಕ್ಕೂ ಚಿಳ್ಳನೆ ನೀರು ಉಗುಳುತ್ತ ಅವನ ಅಂಗಿ ನೆನೆಸಿದವು. ಮಾಮಾನೂ ಕಿಟಕಿಯಿಂದ ಆಗಾಗ ಉಗುಳುತ್ತ ಲೆಕ್ಕ ಸರಿ ಮಾಡಿದ. ಶಾಮಲಾಬಾಯಿ ಕನಿಕರದಿಂದ ಅವನಿಗೆ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟರು.

ಸಹಿ ಸಿಕ್ಕೇಬಿಟ್ಟಿತೆಂಬ ಹುರುಪಿನಲ್ಲಿ ಕಾಂತಪ್ಪನವರ ನಾಲಿಗೆಗೆ ಲಗಾಮಿರಲಿಲ್ಲ. ಸ್ಟಿಯರಿಂಗು ಹಿಡಿದೇ ಮಾಮಾನ ಮುಂದೆ ಮನಸ್ಸು ತೋಡಿಕೊಂಡರು. “ನಿಮ್ಮ ಪಂಢರಿನಾಥರು ದೇವರಂಥವರು ಮಾಮಾ, ದೇವರ ಹಾಗೆಯೇ ಏನು ಕೇಳಿದರೂ ಮಾತಾಡುವುದಿಲ್ಲ. ಮಳೆಗಾಲದಲ್ಲಿ ಗಲ್ಲಾಪೆಟ್ಟಿಗೆಯ ಮೇಲೆಯೇ ಸೋರುತ್ತದೆ. ಮಾಡು ರಿಪೇರಿ ಮಾಡಿಸಿ ಅಂದರೆ, ವಿಠ್ಠಲನ ಇಚ್ಛೆ ಅನ್ನುತ್ತಾರೆ. ಬಾಡಿಗೆ ತಡವಾದರೆ ಮಾತ್ರ ಅದು ವಿಠ್ಠಲನ ಇಚ್ಛೆ ಅಲ್ಲ!”

“ಹೂಂ, ಅವರು ಚಿಕ್ಕಂದಿನಿಂದ ಹಾಗೆಯೇ” ಎಂದ ಮಾಮಾ. “ನಿಮ್ಮ ಹೋಟೆಲಿನ ಮಸಾಲೆ ದೋಸೆ ಬಹಳ ಚೆನ್ನಾಗಿರುತ್ತದಂತೆ, ಹೌದಾ?”

“ಇಡೀ ಕ್ಯಾಂಪಿನಲ್ಲಿ ಅಂಥದ್ದಿಲ್ಲ. ಆದರೆ ಇವತ್ತು ಬಂದ್. ಕಾಕಾನಿಗೋಸ್ಕರ ಬಂದ್.”

ಮಾಮಾನ ಮುಖ ಇಳಿಯಿತು. ಸ್ವಾರಗೇಟಿನಲ್ಲಿ ಅವನು ಇಳಿಯುವಾಗ ಕಾಂತಪ್ಪನವರು, “ಒಳ್ಳೆಯ ಮನೆತನ, ಕಾವಲಿನ ಕೆಲಸ ಬಿಡಬೇಡ ಮಾಮಾ” ಎಂದು ಬುದ್ಧಿವಾದ ಹೇಳಿ ಬೀಳ್ಕೊಟ್ಟರು.

ಘಾಟಿನಲ್ಲಿ ಲಾರಿಗಳ ಸಾಲು ಸಿಕ್ಕಿ ತಡವಾಗಿತ್ತು. ಮನೆಗೆ ಹೋಗಿ ಬೇಯಿಸಿ ತರುವಷ್ಟು ಹೊತ್ತಿರಲಿಲ್ಲ. ಓಮ್ನಿ ನೇರವಾಗಿ ಹೋಟೆಲಿನ ಮುಂದೆ ನಿಂತಿತು. ಕಾಂತಪ್ಪನವರು ಅರ್ಧ ಶಟರು ಎತ್ತಿ ಎಲ್ಲರನ್ನೂ ಒಳಗೆ ಸೇರಿಸಿದರು. ವಕೀಲ ದಂಪತಿಗಳಿಗೆ ಮೂಲೆಯ ಟೇಬಲ್ಲು, ಚಹಾ. ಅಡುಗೆಮನೆಯಲ್ಲಿ ಲೀಲಾಕ್ಷಿ ಸೊಂಟಕ್ಕೆ ಕೈಕೊಟ್ಟು ನಿಂತಳು.

“ಇಡ್ಲಿ ಬೇಯಿಸುವ ಪಾತ್ರೆಗೆ ಮರ್ವಾಯಿಯಾ? ನಿಮಗೆ ಮಂಡೆ ಸಮ ಉಂಟಾ? ಹೊರಗೆ ಬೋರ್ಡಲ್ಲಿ ಎಂತ ಬರ್ದಿದೆ ಅಂತ ನೋಡಿದ್ದೀರಾ?”

“ಬೋರ್ಡು ಉಳೀಬೇಕಾದ್ರೆ ಇವತ್ತು ಹಾಕ್ಲೇಬೇಕು. ನಾಳೆ ಹೊಸ ಪಾತ್ರೆ ತರ್ತೇನೆ ಮಾರಾಯ್ತಿ, ನಿನ್ನ ದಮ್ಮಯ್ಯ.”

ಶ್ರದ್ಧಾ ಕಾಯಿ ತುರಿಯಲು ಕೂತಳು, ಲೀಲಾಕ್ಷಿ ಗೊಣಗುತ್ತ ಒಲೆ ಹೊತ್ತಿಸಿದಳು. ವಾಸನೆ ಒಳಗೆ ನಿಲ್ಲದಿರಲೆಂದು ಕಾಂತಪ್ಪನವರು ದೊಡ್ಡ ಫ್ಯಾನನ್ನೂ ತಿರುಗಿಸಿದರು. ಅಷ್ಟರಲ್ಲಿ ಶಟರಿನ ಕೆಳಗೆ ಬಿಳಿಯ ಧೋತರ ಕಾಣಿಸಿತು. ಪಂಢರಿನಾಥ ಕಾಕಾ ಬಗ್ಗಿ ಒಳಗೆ ಬಂದರು. ಮುಖದಲ್ಲಿ ಹಿಂದೆಂದೂ ಕಾಣದ ನಗು.

“ಕಾಂತಾಶೇಟ್, ಬಹಳ ಉಪಕಾರವಾಯಿತು. ತಿಸ್ರ್ಯಾ ಬಂದದ್ದು ನಿಮ್ಮ ಗಾಡಿಯಲ್ಲೇ ಅಂತ ಈಗ ಗೊತ್ತಾಯಿತು.”

ಕಾಂತಪ್ಪನವರ ಎದೆ ಉಬ್ಬಿತು. ಅವರ ಮರಾಠಿಯಲ್ಲಿ ಲಿಂಗ, ವಚನಗಳೆಲ್ಲ ಒಂದೇ ಪಾತ್ರೆಯಲ್ಲಿ ಬೆಂದುಹೋಗಿದ್ದವು. ಅವನು, ಅವಳು, ಅವು ಎಲ್ಲವೂ ಅವರಿಗೆ ‘ಅದು’. “ಗೊತ್ತಾಯಿತಾ ಕಾಕಾ? ನಿಮ್ಮ ಊರಿನಿಂದಲೇ, ನಿಮ್ಮ ವಾಡಿಯ ಬುಡದಿಂದಲೇ ತಂದದ್ದು!”

“ದಾರಿಯಲ್ಲಿ ತೊಂದರೆಯೇನೂ ಆಗಲಿಲ್ಲ ತಾನೆ?”

“ತೊಂದರೆ ಏನಿಲ್ಲ. ಉಗುಳುವುದು ಸ್ವಲ್ಪ ಜಾಸ್ತಿ.”

ಕಾಕಾ ನಿಟ್ಟುಸಿರಿಟ್ಟರು. “ಆ ಚಟ ಹೋಗುವುದಿಲ್ಲ. ಹೇಳಿ ಹೇಳಿ ನಾವೇ ಸೋತೆವು.”

“ಪರವಾಗಿಲ್ಲ ಕಾಕಾ, ನಾನು ನೀರು ಬದಲಾಯಿಸಿ ಚೆನ್ನಾಗಿ ತಿಕ್ಕಿ ತೊಳೆದೆ. ಹೊಟ್ಟೆಯೊಳಗಿನ ಮಣ್ಣೆಲ್ಲ ಹೋಯಿತು.”

“ತಿಕ್ಕಿ ತೊಳೆದಿರಾ?”

“ಮತ್ತೆ? ಈಗ ಒಳಗೆ ಇಡ್ಲಿ ಪಾತ್ರೆಯಲ್ಲಿದೆ. ಒಲೆಯ ಮೇಲೆ.”

ಕಾಕಾನ ಕೈ ಮಾಲೆಗೆ ಹೋಯಿತು. “ಒಲೆಯ ಮೇಲೆ?”

“ಗಾಬರಿ ಬೇಡ, ಇನ್ನೂ ಜೀವ ಇದೆ. ಬಿಸಿ ತಾಗಿದ ಕೂಡಲೇ ಬಾಯಿ ಬಿಡುತ್ತದೆ. ಬಾಯಿ ಬಿಡದಿದ್ದರೆ ಮಾತ್ರ ಮೊದಲೇ ಸತ್ತಿತ್ತೆಂದು ಎಸೆದುಬಿಡುವುದು. ಆಮೇಲೆ ತೆಂಗಿನಕಾಯಿ ಹಾಕಿ...”

ಪಂಢರಿನಾಥರು ಕುರ್ಚಿಯ ಬೆನ್ನು ಹಿಡಿದುಕೊಂಡರು. “ವಿಠ್ಠಲಾ! ಈಗ ತಾನೇ ನನ್ನ ಜೊತೆ ರಿಕ್ಷಾದಿಂದ ಇಳಿದು ಎಲೆ ಅಡಿಕೆ ಅಂಗಡಿಗೆ ಹೋದನಲ್ಲ!”

“ಯಾರು ಕಾಕಾ?”

“ತಿಸ್ರಾ!”

ಶಟರಿನ ಕೆಳಗೆ ಇನ್ನೊಂದು ತಲೆ ಬಗ್ಗಿತು. ಒಗೆದ ಅಂಗಿ, ಅದರ ಮೇಲೆ ಉಪ್ಪುನೀರಿನ ಕಲೆ, ಕೆನ್ನೆಯಲ್ಲಿ ತಂಬಾಕು.

“ಮಾಮಾ! ನೀನು ಇಲ್ಲಿಗ್ಯಾಕೆ ಬಂದೆ?” ಎಂದು ಕಾಂತಪ್ಪನವರು ಚೀರಿದರು.

“ಮಾಮಾ ಅಲ್ಲ, ನನ್ನ ತಮ್ಮ” ಎಂದರು ಕಾಕಾ. “ಮೂರನೆಯವನು. ಇವನ ಸಹಿಯೊಂದು ಬಾಕಿ ಇತ್ತು. ರವಿವಾರ ಸಂಜೆ ತಿಸ್ರ್ಯಾಲಾ ಘೇವೂನ್ ಯೇತೋ ಅಂತ ಫೋನಿನಲ್ಲಿ ಹೇಳಿದ್ದೆನಲ್ಲ!”

ಮೂಲೆಯ ಟೇಬಲ್ಲಿನಲ್ಲಿ ವಕೀಲರ ಚಹಾ ನೆತ್ತಿಗೆ ಹತ್ತಿತು. ಕೆಮ್ಮಿ, ಕಣ್ಣೊರೆಸಿಕೊಂಡು ಕನ್ನಡದಲ್ಲಿ ಕೂಗಿದರು. “ಅಲ್ರಿ ಕಾಂತಪ್ಪನವರ! ತಿಸ್ರ್ಯಾ ಅಂದ್ರ ನಿಮ್ಮ ಚಿಪ್ಪಿನ ಹುಳಾನೂ ಹೌದು, ಮೂರನೇದಾಂವನೂ ಹೌದು! ಮೂರನೇದವನ್ನ ಕರಕೊಂಡ ಬರ್ತೀನಿ ಅಂದಾರ ಅವರು. ಮೊದಲ ನನ್ನ ಒಂದ ಮಾತ ಕೇಳಿದ್ರ ಸಾಕಾಗಿತ್ತಲ್ರಿ!”

ಒಳಗೆ ಒಲೆಯ ಮೇಲೆ ಮರ್ವಾಯಿಗಳು ಟಕ್ ಟಕ್ಕೆಂದು ಬಾಯಿ ಬಿಡತೊಡಗಿದ್ದವು. ಹೊರಗೆ ಕಾಂತಪ್ಪನವರ ಬಾಯಿ ಆಗಲೇ ತೆರೆದಿತ್ತು. ತಂದದ್ದು ಎರಡು ತಿಸ್ರ್ಯಾ, ಒಂದರ ತೊಡೆಯ ಮೇಲೆ ಇನ್ನೊಂದು. ದಾರಿಯುದ್ದಕ್ಕೂ ಆಡಿದ ಒಂದೊಂದು ಮಾತೂ ಈಗ ಅವರಿಗೆ ನೆನಪಾಯಿತು.

ಮರೆತುಹೋಗಿದ್ದನ್ನು ನೆನಪಿಸಲು ಮೂರನೆಯವನು ಇದ್ದೇ ಇದ್ದ. “ದಾದಾ, ನೀನು ಇವತ್ತು ಇಲ್ಲಿ ಗುಟ್ಟಾಗಿ ತಿಸ್ರ್ಯಾ ತಿನ್ನುತ್ತೀಯಂತೆ? ತಿನ್ನುವಾಗ ಮಾಲೆ ನಾನು ಹಿಡಿದುಕೊಳ್ಳಲಾ? ಮತ್ತೆ, ಮಾಡು ಸೋರುವುದು ವಿಠ್ಠಲನ ಇಚ್ಛೆಯಂತೆ, ಬಾಡಿಗೆ ಮಾತ್ರ ನಿನ್ನ ಇಚ್ಛೆಯಂತೆ?”

ಕಾಕಾ ಮೂಗು ಅರಳಿಸಿ ಗಾಳಿ ಮೂಸಿದರು. ಎಷ್ಟು ಫ್ಯಾನು ತಿರುಗಿದರೇನು, ಖಾಡಿಯ ವಾಸನೆ ಹುಟ್ಟಿದೂರಿನವರನ್ನು ಹುಡುಕಿಕೊಂಡು ಬಂದೇ ಬರುತ್ತದೆ.

“ಬಿಡು ದಾದಾ, ನನಗೇನೂ ಸಿಟ್ಟಿಲ್ಲ” ಎಂದು ಮೂರನೆಯವನು ಕುರ್ಚಿ ಎಳೆದುಕೊಂಡು ಕೂತ. “ಶೇಟ್, ನಾನು ಮೊದಲೇ ದಾದಾನಿಗೆ ಹೇಳಿದ್ದೆ, ದೋಸೆ ತಿಂದು ನೋಡುತ್ತೇನೆ, ಮನಸ್ಸಿಗೆ ಬಂದರೆ ಸಹಿ ಎಂದು. ಊರಲ್ಲಿ ಬೆಳಿಗ್ಗೆಯೂ ತಿಸ್ರ್ಯಾ, ರಾತ್ರಿಯೂ ತಿಸ್ರ್ಯಾ, ನಾಲಿಗೆ ಸವೆದುಹೋಗಿದೆ. ಪೆನ್ನು ಕಿಸೆಯಲ್ಲೇ ಇದೆ. ಬಂದ್ ಆದರೇನು, ನನಗೆ ಒಂದೇ ಒಂದು ಮಸಾಲೆ ದೋಸೆ ಹುಯ್ಯಿರಿ.”

ಕಾಂತಪ್ಪನವರು ಗ್ರೈಂಡರಿನ ಕಡೆ ನೋಡಿದರು. ವರುಷವೆಲ್ಲ ಬೊಬ್ಬೆ ಹೊಡೆಯುವ ಯಂತ್ರ ಆವತ್ತು ತೊಳೆದು ಬೋರಲು ಹಾಕಿದ ಪಾತ್ರೆಗಳ ನಡುವೆ ತೆಪ್ಪಗೆ ಕೂತಿತ್ತು. ಇಡೀ ಹೋಟೆಲಿನಲ್ಲಿ ಒಂದು ಸೌಟು ಹಿಟ್ಟಿರಲಿಲ್ಲ.

“ಇವತ್ತು... ಬಂದ್” ಎಂದರು. ಜೀವನದಲ್ಲಿ ದೋಸೆ ಇಲ್ಲವೆಂದು ಹೇಳಿದ್ದು ಅದೇ ಮೊದಲು, ಅದೂ ಸಹಿ ಹಾಕಬೇಕಾದ ಮನುಷ್ಯನಿಗೆ. ಕಣ್ಣಲ್ಲಿ ನೀರು ಬಂದುಬಿಟ್ಟಿತು.

ಮೂರನೆಯವನು ಕಿಸೆಯಿಂದ ತೆಗೆದ ಪೆನ್ನನ್ನು ಮತ್ತೆ ಕಿಸೆಗೆ ಸಿಕ್ಕಿಸಿಕೊಂಡ. ಪಂಢರಿನಾಥರು ಅಡುಗೆಮನೆಯ ಬಾಗಿಲನ್ನೂ ಹೊರಗಿನ ಬೋರ್ಡನ್ನೂ ಒಂದು ಸಲ ನೋಡಿ, ಟೊಪ್ಪಿಗೆ ಸರಿಮಾಡಿಕೊಂಡರು.

“ಕಾಂತಾಶೇಟ್, ನನ್ನ ಸಹಿಯನ್ನೇ ಇನ್ನೊಮ್ಮೆ ಯೋಚಿಸಬೇಕಾಗಿದೆ. ನಾವು ಅಣ್ಣತಮ್ಮಂದಿರಲ್ಲಿ ಭಿನ್ನಾಭಿಪ್ರಾಯ ಬಂದರೆ ಇಂದಾಪುರದಲ್ಲಿ ಕಬ್ಬು ಬೆಳೆಯುವವನ ಮಾತೇ ಕೊನೆ. ಮುಂದಿನ ರವಿವಾರ ಚೌಥ್ಯಾಲಾ ಘೇವೂನ್ ಯೇತೋ.”

“ಚೌಥಾ?” ಕಾಂತಪ್ಪನವರು ಗೋಡೆಗೆ ಒರಗಿದರು. “ನಾಲ್ಕನೆಯವರೂ ಇದ್ದಾರಾ ಕಾಕಾ? ನೀವು ಒಟ್ಟು ಎಷ್ಟು ಜನ?”

ಉತ್ತರ ಬರುವ ಮೊದಲೇ ಬಿಳಿಯ ಧೋತರ ಶಟರು ದಾಟಿತ್ತು. ಮೂರನೆಯವನು ಹೋಗುತ್ತ ಶಾಮಲಾಬಾಯಿಗೆ ಕೈಮುಗಿದು, ರೊಟ್ಟಿ ಚೆನ್ನಾಗಿತ್ತೆಂದು ಹೇಳಿಹೋದ.

ಆಗ ಅಡುಗೆಮನೆಯಿಂದ ಲೀಲಾಕ್ಷಿ ಹೊಗೆಯಾಡುವ ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದು ಬಂದಳು. ಫ್ಯಾನಿನ ಸದ್ದಿಗೆ ಒಳಗೆ ಅವಳಿಗೆ ಏನೂ ಕೇಳಿಸಿರಲಿಲ್ಲ. “ಸುಕ್ಕ ಆಯ್ತು. ಬಡಿಸುದಾ? ಅಯ್ಯೋ, ಎಲ್ಲಿ ಹೋದ್ರು? ಎಂತ ಹೇಳಿದ್ರು?”

ಕಾಂತಪ್ಪನವರು ಗೋಡೆಯನ್ನು ನೋಡುತ್ತಲೇ ಹೇಳಿದರು. “ಬರುವ ಆದಿತ್ಯವಾರ... ಚೌಥ್ಯಾ ಅಂತೆ.”

“ಚೌಥ್ಯಾವಾ? ಅದು ಯಾವ ಮೀನು? ಎಲ್ಲಿ ಸಿಗ್ತದೆ?”

“ಇಂದಾಪುರದಲ್ಲಿ.”

“ಅಲ್ಲಿ ಬರೀ ಕಬ್ಬು ಅಲ್ವಾ? ಸಮುದ್ರ ಎಲ್ಲುಂಟು ಮಾರಾಯ್ರೆ?”

“ಸಮುದ್ರ ಇಲ್ಲದಿದ್ರ ಏನಾತ್ರಿ ಲೀಲಕ್ಕಾ” ಎಂದು ಶಾಮಲಾಬಾಯಿ ಬುತ್ತಿಯ ಗಂಟು ಕಟ್ಟುತ್ತ ಎದ್ದರು, “ಗಾಡಿ ಅದ ಅಲ್ಲ! ರೊಟ್ಟಿ ಕಟಗೊಂಡು ನಾವೂ ಬಂದ ಬಿಡ್ತೀವಿ.”